ಬಿದ್ದ ಮೇಲಿನ ವಿಚಾರಣೆ, ಬೀಳುವ ಮೊದಲಿನ ತಪಾಸಣೆ

ಸೇತುವೆಯೊಂದು ಕುಸಿದ ಮರುದಿನ ನಮ್ಮಲ್ಲಿ ಎಲ್ಲವೂ ಒಂದು ಕ್ರಮದಲ್ಲಿಯೇ ನಡೆಯುತ್ತದೆ. ತನಿಖೆಗೆ ಆದೇಶ, ಪೊಲೀಸ್ ಪ್ರಕರಣ, ಪರಿಹಾರದ ಘೋಷಣೆ, ಒಬ್ಬಿಬ್ಬರ ಅಮಾನತ್ತು. ಇವುಗಳಿಗೆ ಆಗುವ ಖರ್ಚನ್ನು ಯಾರೂ ದುಂದು ಎನ್ನುವುದಿಲ್ಲ. ಅದೇ ಸೇತುವೆಯನ್ನು ಬೀಳುವ ಮೊದಲು ಪರೀಕ್ಷಿಸಲು ಒಂದಿಷ್ಟು ಹಣ, ಕೆಲವು ದಿನಗಳ ಸಂಚಾರ ನಿಲುಗಡೆ ಬೇಕೆಂದಾಗ ಮಾತ್ರ ಆಕ್ಷೇಪಣೆ ಏಳುತ್ತದೆ. ಈ ವೈಪರೀತ್ಯವನ್ನು ವಿಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ರಾಜಾಜಿನಗರ, ಬಸವೇಶ್ವರನಗರಗಳ ವಾಚಕರಿಗೆ ಇದರ ಸಮೀಪದ ನಿದರ್ಶನವೆಂದರೆ ಪೀಣ್ಯದ ಮೇಲುಸೇತುವೆ. ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ಸುಮಾರು 4.2 ಕಿ.ಮೀ. ಸಾಗುವ ಇದು 2010ರಲ್ಲಿ ಸಂಚಾರಕ್ಕೆ ತೆರೆಯಿತು. 102 ಮತ್ತು 103ನೆಯ ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡುಬಂದುದರಿಂದ 2021ರ ಡಿಸೆಂಬರ್ 25ರಂದು ಇದನ್ನು ಮುಚ್ಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಪರೀಕ್ಷೆಯ ಬಳಿಕ 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶವಾಯಿತು. ಭಾರಿ ವಾಹನಗಳು ಮಾತ್ರ 2024ರ ಜುಲೈವರೆಗೆ ಕಾಯಬೇಕಾಯಿತು. ಆಗಲೂ ವಾರಕ್ಕೊಂದು ದಿನ, ಶುಕ್ರವಾರ, ನಿರ್ವಹಣೆಗೆಂದು ಅವುಗಳಿಗೆ ಪ್ರವೇಶವಿರಲಿಲ್ಲ.

ಇಂತಹ ಸೇತುವೆಯಲ್ಲಿ ಕಾಂಕ್ರೀಟು ತಾನೊಂದೇ ಭಾರ ಹೊರುವುದಿಲ್ಲ. ಅದರೊಳಗೆ ಹಾಯಿಸಿ, ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಹುರಿಗಳು ಅದನ್ನು ಸದಾ ಒತ್ತಿ ಹಿಡಿದಿರುತ್ತವೆ. ಆ ಹುರಿಗೆ ತುಕ್ಕು ಹಿಡಿದರೆ ಕೆಳಗೆ ನಿಂತು ನೋಡುವವನಿಗೆ ಏನೂ ಕಾಣದು. ಮೇಲಿನ ಡಾಂಬರು ನಯವಾಗಿಯೇ ಇರುತ್ತದೆ, ಕಂಬದ ಬಣ್ಣವೂ ಮಾಸಿರುವುದಿಲ್ಲ. ಆದುದರಿಂದಲೇ ತಪಾಸಣೆಗೆ ಪರಿಣತರು ಬೇಕು, ಉಪಕರಣ ಬೇಕು, ಹಣವೂ ಬೇಕು.

ಆ ಎರಡೂವರೆ ವರ್ಷಗಳಲ್ಲಿ ಸರಕಿನ ಲಾರಿಗಳು ಕೆಳಗಿನ ರಸ್ತೆಯಲ್ಲಿ ತೆವಳಿದವು. ವರ್ತಕ ಬಂಧುಗಳು ಬಾಡಿಗೆ ಹೆಚ್ಚಿತು, ಮಾಲು ತಡವಾಯಿತು ಎಂದು ನೊಂದುಕೊಂಡದ್ದು ಸಹಜವೇ. ಆದರೆ ಆಗ ಕೇಳಿಬಂದ ಟೀಕೆಯಲ್ಲಿ ಎರಡು ಪ್ರಶ್ನೆಗಳು ಬೆರೆತುಹೋದವು. ಹನ್ನೊಂದೇ ವರ್ಷಕ್ಕೆ ಸೇತುವೆಗೆ ಈ ಸ್ಥಿತಿ ಏಕೆ ಬಂತೆಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಹೊಣೆ ನಿಗದಿಯಾಗಲೇಬೇಕು. ಆದರೆ ಅದನ್ನು ಮುಚ್ಚಿದ್ದೇ ಆಡಳಿತದ ವೈಫಲ್ಯವೆಂದದ್ದು ಸರಿಯಲ್ಲ. ಈ ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದದ್ದೇನಾದರೂ ಇದ್ದರೆ ಅದು ಆ ಮುಚ್ಚುವಿಕೆಯೇ.

ಇದಕ್ಕೆ ಪ್ರತಿಯಾಗಿ ಕಾರವಾರವನ್ನು ನೋಡೋಣ. ಗೋವಾ ಮಾರ್ಗದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಸುಮಾರು ನಾಲ್ಕು ದಶಕಗಳ ಸೇತುವೆ. ಹಗಲೆಲ್ಲ ವಾಹನಗಳು ಓಡಾಡಿದ್ದವು. ನದಿಗೆ ಬಿದ್ದದ್ದು ಒಂದೇ ಲಾರಿ, ಅದರ ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು. ಪಕ್ಕದ ಹೊಸ ಸೇತುವೆ ಸುರಕ್ಷಿತವೇ ಎಂಬ ಪ್ರಶ್ನೆಗೆ ತುರ್ತು ಬಂದದ್ದು ಹಳೆಯದು ನೀರಿಗೆ ಬಿದ್ದ ಮೇಲೆ. ಅಲ್ಲಿ ಜೀವಹಾನಿ ತಪ್ಪಿದ್ದು ವೇಳೆಯ ಪುಣ್ಯದಿಂದಲೇ ಹೊರತು ನಮ್ಮ ಎಚ್ಚರದಿಂದಲ್ಲ.

ಈ ಅನಾದರಕ್ಕೆ ಲೆಕ್ಕ ಬರೆಯುವ ಪದ್ಧತಿಯೂ ಒಂದು ಕಾರಣ. ಅಂಗಡಿಯ ತಕ್ಕಡಿಗೂ ನಾವು ಪ್ರತಿವರ್ಷ ಸವಕಳಿ ಬರೆಯುತ್ತೇವೆ. ಅಢಾವೆ ಪತ್ರಿಕೆಯನ್ನು ನೋಡಿದರೆ ಯಾವುದು ಎಷ್ಟು ಸವೆದಿದೆಯೆಂಬುದು ತಿಳಿಯುತ್ತದೆ. ಕೇಂದ್ರ, ರಾಜ್ಯ ಸರ್ಕಾರಗಳ ಲೆಕ್ಕವಾದರೋ ನಗದು ಆಧಾರದ್ದು. ಹಣ ಕೊಟ್ಟ ವರ್ಷ ಖರ್ಚು ಬೀಳುತ್ತದೆ, ಆಮೇಲೆ ಸೇತುವೆ ಸವೆಯುವುದು ಯಾವ ಪುಟದಲ್ಲಿಯೂ ಕಾಣುವುದಿಲ್ಲ. ಹೊಸ ಸೇತುವೆಗೆ ಉದ್ಘಾಟನೆಯ ಶಿಲಾಫಲಕವುಂಟು, ತಪ್ಪಿಹೋದ ದುರಂತಕ್ಕೆ ಫಲಕವಿಲ್ಲ. ಆಯವ್ಯಯದಲ್ಲಿ ಕಡಿತ ಮಾಡಬೇಕಾದಾಗ ಮೊದಲ ಕತ್ತರಿ ತಪಾಸಣೆಯ ಬಾಬ್ತಿಗೆ ಬೀಳುವುದು ಹೀಗೆ.

ಹಾಗೆಂದು ಹಣ ಒದಗಿಸಿದೊಡನೆ ಕರ್ತವ್ಯ ಮುಗಿಯುವುದಿಲ್ಲ. ಅಮೆರಿಕದ ಸಿಲ್ವರ್ ಬ್ರಿಜ್ 1967ರ ಡಿಸೆಂಬರ್ 15ರಂದು ಕುಸಿದು 46 ಮಂದಿ ಮಡಿದರು. ಕಾರಣ, ಒಂದು ಕೊಂಡಿಯೊಳಗಿದ್ದ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಮರುವರ್ಷವೇ ಆ ದೇಶ ಸೇತುವೆಗಳ ತಪಾಸಣೆಗೆ ರಾಷ್ಟ್ರೀಯ ಮಾನದಂಡಗಳು ಬೇಕೆಂದು ಕಾನೂನು ಮಾಡಿತು. ಆದರೂ 2007ರಲ್ಲಿ ಮಿನಿಯಾಪೊಲಿಸ್ ನಗರದ ಸೇತುವೆ ಬಿದ್ದು 13 ಮಂದಿ ಸತ್ತರು. ಅದು ವರ್ಷವರ್ಷವೂ ತಪಾಸಣೆಗೊಳಗಾಗುತ್ತಿದ್ದ ಸೇತುವೆಯೇ! ಜೋಡಣೆಯ ತಗಡುಗಳ ದಪ್ಪ ವಿನ್ಯಾಸದಲ್ಲಿಯೇ ಬೇಕಾದುದಕ್ಕಿಂತ ಬಹಳ ಕಡಿಮೆಯಿತ್ತು. ತಪಾಸಣೆಗೆ ಬಂದವರು ತುಕ್ಕು, ಬಿರುಕುಗಳನ್ನು ಹುಡುಕಿದರು. ಮೂಲ ಲೆಕ್ಕವನ್ನು ತಿರುಗಿ ನೋಡಲಿಲ್ಲ. ರುಜು ಹಾಕುವುದಕ್ಕಾಗಿ ಮಾಡುವ ತಪಾಸಣೆ ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ.

ನಮ್ಮ ಆಚಾರದಲ್ಲಿ ಇದಕ್ಕೆ ಸಮೀಪದ ಮಾತೊಂದಿದೆ, ಪ್ರತಿಲೇಖನ. ಮುನಿಗಳು ಕುಳಿತುಕೊಳ್ಳುವ ಮೊದಲು, ಕಮಂಡಲವನ್ನಿಡುವ ಮೊದಲು, ಆ ಸ್ಥಳವನ್ನು ಕಣ್ಣಿಟ್ಟು ನೋಡಿ ಪಿಂಛಿಯಿಂದ ಮೃದುವಾಗಿ ಸವರುತ್ತಾರೆ. ಅಲ್ಲಿ ಜೀವಿಯಿದೆಯೆಂದು ಗೊತ್ತಾದ ಮೇಲಲ್ಲ, ಇರಬಹುದೆಂಬ ಎಚ್ಚರದಿಂದ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿರುವುದು ಇಲ್ಲಿ ಸ್ಮರಣೀಯ. ನೋಡಬೇಕಾದವನು ನೋಡದಿದ್ದರೆ, ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಸಮಜಾಯಿಷಿ ಸಾಲದು.

ಆದುದರಿಂದ ಪ್ರತಿಯೊಂದು ಸೇತುವೆಯ ಕೊನೆಯ ತಪಾಸಣೆ ಎಂದು ನಡೆಯಿತು, ಏನು ಕಂಡುಬಂತು, ಏನು ಮಾಡಲಾಯಿತು ಎಂಬುದು ಸಾರ್ವಜನಿಕರಿಗೆ ತಿಳಿಯುವಂತಿರಬೇಕು. ತಪಾಸಣೆಯ ಹಣ ಬೇರೆ ಬಾಬ್ತಿಗೆ ಹೋಗದಂತೆ ಪ್ರತ್ಯೇಕವಾಗಿರಬೇಕು. ಸರ್ಕಾರವನ್ನು ಇದನ್ನು ಕೇಳುವ ನಾವು ನಮ್ಮ ಬಸದಿಗಳ ಲೆಕ್ಕದಲ್ಲಿಯೂ ಇದನ್ನು ಪಾಲಿಸುವುದು ಉಚಿತ. ಹೊಸ ಶಿಖರಕ್ಕೆ, ಸಭಾಭವನಕ್ಕೆ ದಾನಿಗಳು ಸಿಗುತ್ತಾರೆ. ಸೋರುವ ಛಾವಣಿಯ ಕಬ್ಬಿಣವನ್ನು ಪರೀಕ್ಷಿಸುವ ಇಂಜಿನಿಯರರ ಶುಲ್ಕಕ್ಕೆ ಸಿಗುವುದಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ನಮ್ಮ ವಿಶ್ವಸ್ತ ಮಂಡಳಿಗಳು ಆಯವ್ಯಯ ಪತ್ರಿಕೆಯಲ್ಲಿ ಈ ಒಂದು ಸಾಲನ್ನು ಸೇರಿಸುವುವೆಂದು ಆಶಿಸೋಣ.