ಸರ್ವೆ ನಂಬರ್ ನೋಡಿ ನೀರು ಹರಿಯಲ್ಲ

ದೊಡ್ಡ ಕೋಡ್‌ಬೇಸ್‌ಗಳಲ್ಲಿ ಯುನಿಟ್ ಟೆಸ್ಟ್ ಜೋಡಿಸಿಡೋಕೆ ಒಂದು ಪದ್ಧತಿ ಗಟ್ಟಿಯಾಗಿ ಕೂತುಬಿಟ್ಟಿದೆ: ಒಂದು ಕ್ಲಾಸಿಗೆ ಒಂದು ಟೆಸ್ಟ್ ಕ್ಲಾಸು. ಮೇನ್ ಫೋಲ್ಡರಿನಲ್ಲಿ ಏನಿದೆಯೋ ಟೆಸ್ಟ್ ಫೋಲ್ಡರಿನಲ್ಲೂ ಅದೇ ಪಡಿಯಚ್ಚು. ಈ ಪದ್ಧತಿಯ ಮೇಲೆ ನನ್ನದೊಂದು ತಕರಾರಿದೆ.

ಮೊದಲು ಅದರ ಗುಣ ಹೇಳಿಬಿಡ್ತೀನಿ. ಹೊಸಬರಿಗೆ ಹುಡುಕೋದು ಸುಲಭ. ಯಾವ ಕ್ಲಾಸಿಗೆ ಟೆಸ್ಟೇ ಇಲ್ಲ ಅನ್ನೋದು ಕೂಡಲೇ ಕಾಣುತ್ತೆ. ಗೆರಾರ್ಡ್ ಮೆಸ್ಜಾರೋಸ್ 2007ರ ‘ಎಕ್ಸ್‌ಯುನಿಟ್ ಟೆಸ್ಟ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ ಮೂರು ದಾರಿ ತೋರಿಸ್ತಾರೆ: ಕ್ಲಾಸಿಗೊಂದು, ಫೀಚರಿಗೊಂದು, ಫಿಕ್ಸ್‌ಚರಿಗೊಂದು, ಅಂದ್ರೆ ಟೆಸ್ಟಿಗೆ ಬೇಕಾದ ಆರಂಭದ ಸ್ಥಿತಿಗೊಂದು. ಟೆಸ್ಟ್‌ಗಳು ಕಡಿಮೆ ಇದ್ದಾಗ, ಕೆಲಸ ಆಗಷ್ಟೇ ಶುರುವಾದಾಗ ಮೊದಲನೆಯದು ಸಾಕು ಅಂತಾರೆ. ನಮ್ಮ ಮಂದಿ ಆ ಮೊದಲ ಮೆಟ್ಟಿಲ ಮೇಲೇ ಮನೆ ಮಾಡ್ಕೊಂಡಿದ್ದಾರೆ.

ನಮ್ ಗಬ್ಬೂರು ಕಡೆ ಅಣ್ಣತಮ್ಮಂದಿರು ಪಾಲಾದರೆ ಪಹಣಿಯಲ್ಲಿ ಸರ್ವೆ ನಂಬರಿಗೆ ಹಿಸ್ಸಾ ಬೀಳುತ್ತೆ. ಆದ್ರೆ ಕಾಲುವೆ ನೀರು ಸರ್ವೆ ನಂಬರ್ ನೋಡಿ ಹರಿಯಲ್ಲ. ಕೊನೆಭಾಗದ ಹೊಲಕ್ಕೆ ನೀರು ಮುಟ್ಟಿತೋ ಇಲ್ವೋ, ಪಹಣಿ ಹೇಳಲ್ಲ. ಕ್ಲಾಸು ಪಹಣಿ ಇದ್ದಂಗ. ಪ್ರೋಗ್ರಾಂ ಮಾಡೋ ಕೆಲಸ ನೀರಿದ್ದಂಗ. ಒಂದು ಕ್ಲಾಸನ್ನು ಎರಡಾಗಿ ಒಡೀರಿ: ಕೆಲಸ ಒಂಚೂರೂ ಬದಲಾಗಿರಲ್ಲ, ಆದ್ರೂ ಹತ್ತಾರು ಟೆಸ್ಟ್ ಮುರಿದು ಬೀಳ್ತವೆ. ಎರಡು ಸಲ ಹೀಗಾದ್ರೆ ಆಮೇಲೆ ಯಾರೂ ಆ ಕೋಡಿಗೆ ಕೈ ಹಾಕಲ್ಲ. ಧೈರ್ಯವಾಗಿ ಬದಲಾಯಿಸೋಕೆ ಅಂತ ಬರೆದ ಟೆಸ್ಟೇ ಕಾಲಿಗೆ ಬೇಡಿ ಆಗುತ್ತೆ.

ಬೇರೆ ದಾರಿ ಹೆಂಗಿರುತ್ತೆ? ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸೋದು ಹಾರ್ಫ್‌ಬಜ್ ಅನ್ನೋ ಮುಕ್ತ ತಂತ್ರಾಂಶ. ಭಾರತೀಯ ಲಿಪಿಗಳಿಗೆ ಅದರಲ್ಲಿರೋ ಟೆಸ್ಟ್ ಫೈಲುಗಳ ಹೆಸರು ನೋಡ್ರಿ: ‘ಇಂಡಿಕ್ ಸಿಲಬಲ್’, ‘ಇಂಡಿಕ್ ಸ್ಪೆಷಲ್ ಕೇಸಸ್’. ಒಂದೂ ಫಂಕ್ಷನ್ ಹೆಸರಲ್ಲ, ಲಿಪಿ ನಡೆದುಕೊಳ್ಳೋ ರೀತಿ. ಒಂದೊಂದು ಸಾಲಿನಲ್ಲೂ ಫಾಂಟು, ಯೂನಿಕೋಡ್ ಸಂಕೇತಗಳು, ಮೂಡಬೇಕಾದ ಆಕಾರಗಳು ಇರ್ತವೆ. ಇವು ಕಟ್ಟುನಿಟ್ಟಾಗಿ ಯುನಿಟ್ ಟೆಸ್ಟ್ ಅಲ್ಲ ಅಂತ ನೀವು ವಾದಿಸಬಹುದು. ಜೋಡಣೆಯ ಪಾಠ ಮಾತ್ರ ಅದೇ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಇಂಥ ಟೆಸ್ಟ್ ಸರಿ ಇದೆಯೋ ಇಲ್ವೋ ಅಂತ ಹೇಳೋಕೆ ಒಳಗಿನ ಫಂಕ್ಷನ್‌ಗಳ ಲೆಕ್ಕ ಬೇಡ, ಕನ್ನಡ ಗೊತ್ತಿದ್ರೆ ಸಾಕು.

ಹಂಗಂತ ಫೋಲ್ಡರ್‌ಗಳನ್ನೆಲ್ಲ ಕಿತ್ತುಹಾಕಿ ಅಂತಿಲ್ಲ. ಫೋಲ್ಡರು ಪ್ಯಾಕೇಜಿನ ಪ್ರಕಾರವೇ ಇರಲಿ. ಅದರೊಳಗಿನ ಫೈಲು ವರ್ತನೆಯ ಪ್ರಕಾರ ಇರಲಿ. ‘ಬಿಲ್ ಸರ್ವಿಸ್ ಟೆಸ್ಟ್’ ಬದಲು ‘ತಡವಾದ ಕಂತಿಗೆ ದಂಡ’ ಅಂತಿರಲಿ. ಐವತ್ತು ಟೆಸ್ಟ್ ಇರೋ ಸಣ್ಣ ಪ್ರಾಜೆಕ್ಟಿಗೆ ಇಷ್ಟು ತಲೆಕೆಡಿಸಿಕೊಳ್ಳೋದು ಬೇಕಿಲ್ಲ. ಸಾವಿರಾರು ಆದಾಗ ಬೇಕು. ಯಾಕಂದ್ರೆ ರಾತ್ರಿ ಹನ್ನೊಂದಕ್ಕೆ ಬಿಲ್ಡ್ ಕೆಂಪಾದಾಗ ಅದನ್ನು ನೋಡೋನು ಬರೆದವನಾಗಿರಲ್ಲ, ಮೊನ್ನೆ ಸೇರಿದ ಹುಡುಗಿಯೋ ಹುಡುಗನೋ ಆಗಿರ್ತಾರೆ. ಅವರಿಗೆ ಹೊಲದ ನಂಬರ್ ಬೇಡ, ನೀರು ಎಲ್ಲಿ ನಿಂತಿದೆ ಅಂತ ಹೇಳಿದ್ರೆ ಸಾಕು.