ಎಣಿಸುವವರಿಗೂ ತೀರ್ಪಿದೆ

ಅಮೆರಿಕದ ಆಟಿಸಂ ಥೆರಪಿ ವಲಯದಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಮಗುವಿನ ಮೌಲ್ಯಮಾಪನ ಬಿಹೇವಿಯರ್ ಅನಾಲಿಸ್ಟ್‌ರ ಕೆಲಸ, ಟೆಕ್ನಿಷಿಯನ್ ಬರೀ ಡೇಟಾ ಬರೆದುಕೊಳ್ಳುತ್ತಾರೆ. ಸ್ನಾತಕೋತ್ತರ ಪದವೀಧರರದು ತಲೆ, 40 ಗಂಟೆ ತರಬೇತಿ ಪಡೆದವರದು ಕೈ. ಕಾಗದದ ಮೇಲೆ ಈ ಹಂಚಿಕೆ ಅಚ್ಚುಕಟ್ಟಾಗಿದೆ. ಮಗುವಿನ ಪಕ್ಕ ಕೂತು ನೋಡಿದರೆ ಮಾತ್ರ ಕುಸಿಯುತ್ತದೆ.

‘ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್’ ಎಂಬ ಅರ್ಹತೆ ಅಲ್ಲಿ ಬಂದದ್ದು 2014ರಲ್ಲಿ. ವಯಸ್ಸು 18 ತುಂಬಿ, ಹೈಸ್ಕೂಲು ಮುಗಿದಿರಬೇಕು. ತರಬೇತಿಯ ನಂತರ ಪರೀಕ್ಷೆಯೂ ಉಂಟು. ಅವರು ಕೆಲಸ ಮಾಡುವ ಗಂಟೆಗಳಲ್ಲಿ ತಿಂಗಳಿಗೆ ಕನಿಷ್ಠ ಶೇ. 5ರಷ್ಟು ಮೇಲ್ವಿಚಾರಣೆ ಇರಬೇಕೆಂಬುದು ನಿಯಮ. ಮಿಕ್ಕ ಹೊತ್ತಿನಲ್ಲಿ ಮಗುವನ್ನು ನೋಡುವ ಕಣ್ಣು ಬಹುಪಾಲು ಅವರದೇ.

ಒಂದು ಸಾಮಾನ್ಯ ಸನ್ನಿವೇಶ ತೆಗೆದುಕೊಳ್ಳಿ. ಮಗು ಕಿರುಚಿ ಪೆನ್ಸಿಲ್ ಎಸೆಯಿತು. ಅಮ್ಮ ಓಡಿ ಬಂದು ಸಮಾಧಾನ ಮಾಡಿದರು. ಟೆಕ್ನಿಷಿಯನ್ ಮೂರು ಕಾಲಂ ತುಂಬಬೇಕು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೊದಲ ಕಾಲಂನಲ್ಲಿ ‘ಸುಮ್ಮನೆ ಕೂತಿತ್ತು’ ಎಂದು ಬರೆದರೆ, ಅಮ್ಮನ ಗಮನಕ್ಕಾಗಿ ಕಿರುಚುತ್ತಿದೆ ಎಂಬ ಊಹೆಗೆ ಅನಾಲಿಸ್ಟ್ ಬರುತ್ತಾರೆ. ಕಿರುಚಿದಾಗ ಗಮನ ಕೊಡಬೇಡಿ ಎಂಬ ಸಲಹೆ ಹೊರಡುತ್ತದೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ ‘ಇನ್ನೊಂದು ಸಾಲು ಬರಿ’ ಎಂದು ಹೇಳಲಾಗಿತ್ತು ಎನ್ನೋಣ. ಆಗ ಕಿರುಚಾಟ ಬರೆಯುವುದರಿಂದ ತಪ್ಪಿಸಿಕೊಳ್ಳಲು. ಗಮನ ಕೊಡದೆ ಬಿಟ್ಟಷ್ಟೂ ಮಗುವಿಗೆ ಬರೆಯುವುದು ತಪ್ಪುತ್ತದೆ, ಕಿರುಚಾಟ ಹೆಚ್ಚುತ್ತದೆ. ಆ ಒಂದು ವಾಕ್ಯವನ್ನು ಬರೆಯಬೇಕೋ ಬಿಡಬೇಕೋ ಎಂದು ನಿರ್ಧರಿಸಿದವರು ಯಾರು? ಕಾರಣವನ್ನು ಹೀಗೆ ಬೇರ್ಪಡಿಸಿ ನೋಡಬೇಕೆಂದು ಸಂಶೋಧಕ ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲೇ ತೋರಿಸಿದ್ದರು: ತಮ್ಮನ್ನೇ ಹೊಡೆದುಕೊಳ್ಳುತ್ತಿದ್ದ ಮಕ್ಕಳೆಲ್ಲರ ಕಾರಣ ಒಂದೇ ಆಗಿರಲಿಲ್ಲ.

ಇಷ್ಟದ ವಸ್ತು ಗುರುತಿಸುವ ಪರೀಕ್ಷೆಯೂ ಹಾಗೆಯೇ. ಆಟಿಕೆಗಳನ್ನು ಸಾಲಾಗಿಟ್ಟು ‘ಒಂದು ತಗೋ’ ಎನ್ನಬೇಕು. ಜಾಗ ಬದಲಿಸದಿದ್ದರೆ, ಸದಾ ಎಡಕ್ಕೆ ಕೈಹಾಕುವ ಮಗುವಿಗೆ ಎಡತುದಿಯ ಬಸ್ಸೇ ಪ್ರಾಣ ಎಂದು ದಾಖಲಾಗುತ್ತದೆ.

ವಿದೇಶದ ಕನ್ನಡ ಮನೆಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಪದರ ಸೇರುತ್ತದೆ. ಮಗು ‘ಬೇಡ’ ಎಂದಿತು; ಇಂಗ್ಲಿಷ್ ಮಾತ್ರ ಬಲ್ಲ ಟೆಕ್ನಿಷಿಯನ್‌ಗೆ ಅದು ಅರ್ಥವಿಲ್ಲದ ಸದ್ದು. ಬಾಯಿಬಿಟ್ಟು ನಿರಾಕರಿಸಬಲ್ಲ ಮಗು, ಹಾಳೆಯಲ್ಲಿ ಮಾತು ಬಾರದ ಮಗುವಾಗಿಬಿಡುತ್ತದೆ. ಆ ಹಾಳೆಯನ್ನು ಎಷ್ಟು ಪದವಿ ಪಡೆದವರು ಓದಿದರೂ ಬಿಟ್ಟುಹೋದ ಪದ ಮರಳುವುದಿಲ್ಲ.

ಇಬ್ಬರು ಬೇರೆಬೇರೆಯಾಗಿ ದಾಖಲಿಸಿ ತಾಳೆ ನೋಡುತ್ತೇವಲ್ಲ ಎಂಬ ಸಮರ್ಥನೆ ಉಂಟು. ಒಳ್ಳೆಯ ಪದ್ಧತಿ, ಸರಿ. ಆದರೆ ಮನೆಯ ಸೆಷನ್ನಿಗೆ ಎರಡನೆಯವರು ಎಷ್ಟು ಸಲ ಬಂದಾರು? ಬಂದರೂ ಇಬ್ಬರಿಗೂ ಕನ್ನಡ ಬಾರದಿದ್ದರೆ, ತಪ್ಪಿನಲ್ಲೇ ಒಮ್ಮತ ಮೂಡುತ್ತದೆ. ನಿರೀಕ್ಷೆ ಏನೆಂದು ಮೊದಲೇ ಹೇಳಿ, ಅದಕ್ಕೆ ಹೊಂದುವ ಅಂಕಿಗಳನ್ನು ಮೆಚ್ಚಿದರೆ ನೋಡುವವರ ದಾಖಲೆ ಆ ಕಡೆಗೇ ವಾಲುತ್ತದೆ ಎಂಬುದೂ 1975ರ ಒಂದು ಪ್ರಯೋಗದಲ್ಲಿ ಕಂಡಿತ್ತು.

ಟೆಕ್ನಿಷಿಯನ್ನರೇ ಕಾರಣ ನಿರ್ಣಯಿಸಲಿ, ಚಿಕಿತ್ಸೆ ಬರೆಯಲಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇಕಾದ ಓದು ಅವರಿಗಿಲ್ಲ. ಅವರ ನೋಟಕ್ಕೆ ತೀರ್ಪೇ ಇಲ್ಲವೆಂದು ನಟಿಸುವುದು ಮಾತ್ರ ಅಪಾಯಕಾರಿ. ನಟಿಸಿದಷ್ಟು ಕಾಲ 40 ಗಂಟೆಯ ತರಬೇತಿಯೇ ಸಾಕೆನಿಸುತ್ತದೆ. ‘ಇದು ನನಗೆ ಗೊತ್ತಾಗಲಿಲ್ಲ’ ಎಂದು ಹಾಳೆಯಲ್ಲಿ ಬರೆಯಲು ಅವರಿಗೆ ಜಾಗವೂ ಸಿಗುವುದಿಲ್ಲ. ಮುಂದಿನ ಸಲ ನಿಮ್ಮ ಮಗುವಿನ ವರದಿ ಕೈಗೆ ಬಂದಾಗ, ಸಹಿ ಹಾಕಿದವರನ್ನು ಮೂರು ಪ್ರಶ್ನೆ ಕೇಳಿ: ಇದನ್ನು ಕೂತು ನೋಡಿದವರು ಯಾರು, ಯಾವ ಹೊತ್ತಿನಲ್ಲಿ, ಮಗು ಆಡುವ ಭಾಷೆ ಅವರಿಗೆ ಬರುತ್ತಿತ್ತೇ?