358 ಎಂಬ ಅಂಕಿತ

ಅಮೆರಿಕದ ಮನೆಬಳಕೆಯ ಚೈನ್ ಸಾಗಳ, ಅಂದರೆ ಪೆಟ್ರೋಲ್ ಇಂಜಿನ್ನಿನ ಬಲದಿಂದ ಹಲ್ಲುಸರಪಳಿಯನ್ನು ಓಡಿಸಿ ಮರ ಕೊಯ್ಯುವ ಗರಗಸಗಳ ವಿಚಾರದಲ್ಲಿ ಎರಡು ಹೆಸರುಗಳಿಗೆ ಎರಡು ಬಗೆಯ ಮರ್ಯಾದೆ ಸಲ್ಲುತ್ತ ಬಂದಿದೆ. ಕ್ರಾಫ್ಟ್ಸ್‌ಮನ್ ಎಂದರೆ ಅಜ್ಜನ ಕಾಲದ ಗಟ್ಟಿಮುಟ್ಟು ಉಪಕರಣ, ದುರಸ್ತಿಗೆ ಯೋಗ್ಯವಾದದ್ದು. ಪೌಲನ್ ಎಂದರೆ ಎರಡು ಬೇಸಿಗೆ ಬಳಸಿ ಎಸೆಯುವ ಅಗ್ಗದ ಸರಕು. ಈ ಎರಡು ಅಭಿಪ್ರಾಯಗಳನ್ನು ಒಬ್ಬನೇ ವ್ಯಕ್ತಿ ಒಂದೇ ಉಸಿರಿನಲ್ಲಿ ಹೇಳುವುದುಂಟು. ಆದರೆ ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮಾರಾಟವಾದ ಪೆಟ್ರೋಲ್ ಗರಗಸಗಳಲ್ಲಿ ಬಹಳಷ್ಟನ್ನು ತಯಾರಿಸಿದ್ದು ಪೌಲನ್ ಕಂಪನಿಯೇ. ಹೊದಿಕೆಯ ಬಣ್ಣ ಬೇರೆ, ಮೇಲಿನ ಅಕ್ಷರಗಳು ಬೇರೆ, ಒಳಗಿನ ಯಂತ್ರ ಒಂದೇ. ಒಂದೇ ಕೃತಿಯನ್ನು ರಟ್ಟು ನೋಡಿ ಹೊಗಳಿ, ಇನ್ನೊಂದು ರಟ್ಟು ನೋಡಿ ತೆಗಳುವ ಈ ವಿಮರ್ಶಾಪದ್ಧತಿಯ ಫಲವಾಗಿ ಉಳಿಸಬೇಕಾದ ಗರಗಸಗಳು ಗುಜರಿಗೆ ಹೋಗುತ್ತವೆ, ಗುಜರಿಗೆ ಹೋಗಬೇಕಾದವು ಕೊಟ್ಟಿಗೆಯಲ್ಲಿ ಗೌರವದಿಂದ ಕೂರುತ್ತವೆ.

ಹಿನ್ನೆಲೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕ್ರಾಫ್ಟ್ಸ್‌ಮನ್ ಎಂಬುದು ಸಿಯರ್ಸ್ ಎಂಬ ಬೃಹತ್ ಅಂಗಡಿ ಸಂಸ್ಥೆ 1927ರಿಂದ ಬಳಸಿದ ಮಾರಾಟದ ಹೆಸರೇ ಹೊರತು ಕಾರ್ಖಾನೆಯ ಹೆಸರಲ್ಲ. ಸಿಯರ್ಸ್ ಬೇರೆ ಬೇರೆ ತಯಾರಕರಿಂದ ಸರಕು ಮಾಡಿಸಿ ತನ್ನ ಮುದ್ರೆ ಒತ್ತುತ್ತಿತ್ತು. 2017ರಲ್ಲಿ ಆ ಹೆಸರನ್ನೇ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್‌ಗೆ ಮಾರಿತು. ಪೌಲನ್, 1940ರ ದಶಕದಲ್ಲಿ ಲೂಯಿಸಿಯಾನ ರಾಜ್ಯದ ಶ್ರೀವ್‌ಪೋರ್ಟಿನಲ್ಲಿ ಕ್ಲಾಡ್ ಪೌಲನ್ ಎಂಬ ಮರಕಡಿತದ ಕಸುಬುದಾರ ಕಟ್ಟಿದ ಕಂಪನಿ. ಕೈಯಿಂದ ಕೈಗೆ ದಾಟಿ 1980ರ ದಶಕದಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಒಡೆತನಕ್ಕೆ ಬಂದು, ಅಲ್ಲಿ ಆಗಲೇ ಇದ್ದ ಹುಸ್ಕ್ವಾರ್ನಾ ಎಂಬ ಗರಗಸ ಕಂಪನಿಯ ಬಡ ತಂಗಿಯಂತೆ ಬಾಳಿತು.

ವಚನವನ್ನು ಓದುವವನಿಗೆ ಕರ್ತೃವನ್ನು ತಿಳಿಸುವುದು ಕೊನೆಯ ಸಾಲಿನ ಅಂಕಿತ. ಸಿಯರ್ಸ್ ಗರಗಸದಲ್ಲಿ ಆ ಕೆಲಸ ಮಾಡುವುದು ಹೊದಿಕೆಯ ಮೇಲಿನ ದಪ್ಪ ಅಕ್ಷರಗಳಲ್ಲ, ಸಣ್ಣ ತಗಡಿನ ಅಥವಾ ಅಂಟುಚೀಟಿಯ ಮೇಲಿನ ಮಾದರಿ ಸಂಖ್ಯೆ. ಆ ಸಂಖ್ಯೆಯಲ್ಲಿ ಚುಕ್ಕಿಗೆ ಮೊದಲು ಬರುವ ಮೂರು ಅಂಕಿಗಳು ತಯಾರಕನ ಗುರುತು: 358 ಎಂದಿದ್ದರೆ ಪೌಲನ್, 113 ಎಂದಿದ್ದರೆ ಎಮರ್ಸನ್, 315 ಎಂದಿದ್ದರೆ ರಿಯೋಬಿ. ಚುಕ್ಕಿಯ ನಂತರದ ಅಂಕಿಗಳು ಮಾದರಿಯನ್ನು ಸೂಚಿಸುತ್ತವೆ. ಚೀಟಿ ಹರಿದು ಹೋಗಿದ್ದರೂ ಆಂತರಿಕ ಸಾಕ್ಷ್ಯ ಸಿಗುತ್ತದೆ. ಹೊದಿಕೆ ಬಿಚ್ಚಿದರೆ ಒಳಗಿನ ಭಾಗಗಳ ಮೇಲೆ 530ರಿಂದ ಆರಂಭವಾಗುವ ಸಂಖ್ಯೆಗಳು ಕಾಣುತ್ತವೆ, ಅವು ಪೌಲನ್‌ನ ಬಿಡಿಭಾಗಗಳ ಸಂಖ್ಯೆಗಳು. 1990ರ ದಶಕದ ನಂತರದ ಗರಗಸಗಳಲ್ಲಿ ಇನ್ನೊಂದು ಸಾಕ್ಷ್ಯವೂ ಇದೆ. ಹೊಗೆ ನಿಯಂತ್ರಣದ ನಿಯಮಗಳು ಬಂದ ಮೇಲೆ ಪ್ರತಿ ಸಣ್ಣ ಇಂಜಿನ್ನಿನ ಮೇಲೂ ಇಂಜಿನ್ ಕುಟುಂಬದ ಸಂಕೇತವೊಂದು ಕಡ್ಡಾಯವಾಯಿತು; ಅದರ ಮೊದಲ ಗುರುತು ಮಾದರಿ ವರ್ಷವನ್ನೂ, ನಂತರದ ಮೂರು ಅಕ್ಷರಗಳು ತಯಾರಕನನ್ನೂ, ಮುಂದೆ ದಶಮಾಂಶ ಚುಕ್ಕಿಯೊಡನೆ ಬರುವ ಅಂಕಿಗಳು ಇಂಜಿನ್ನಿನ ಗಾತ್ರವನ್ನು ಲೀಟರಿನ ಲೆಕ್ಕದಲ್ಲೂ ಹೇಳುತ್ತವೆ. .0420 ಎಂದಿದ್ದರೆ 42 ಸಿಸಿ. ಮಾರುವವನು ಏನೇ ಹೇಳಲಿ, ಈ ಸಂಕೇತ ಸುಳ್ಳು ಹೇಳುವುದಿಲ್ಲ.

ಕ್ರಾಫ್ಟ್ಸ್‌ಮನ್ ಕೀರ್ತಿಯ ಬೇರು ಎಲ್ಲಿದೆ ಎಂದು ಹುಡುಕಿದರೆ ಅದು ಗರಗಸದಲ್ಲಿ ಸಿಗುವುದೇ ಇಲ್ಲ. ಸಿಯರ್ಸ್ ತನ್ನ ಕೈ ಉಪಕರಣಗಳಿಗೆ, ಅಂದರೆ ಸ್ಪ್ಯಾನರು, ಸ್ಕ್ರೂಡ್ರೈವರುಗಳಿಗೆ, ಬಾಳಿಕೆಯ ಉದ್ದಕ್ಕೂ ಭರವಸೆ ಕೊಡುತ್ತಿತ್ತು. ಮುರಿದದ್ದನ್ನು ಅಂಗಡಿಗೆ ಒಯ್ದರೆ ಹೊಸದು ಸಿಗುತ್ತಿತ್ತು. ಇಂಜಿನ್ ಇರುವ ಯಂತ್ರಗಳಿಗೆ ಆ ಭರವಸೆ ಅನ್ವಯಿಸುತ್ತಿರಲಿಲ್ಲ, ಅವುಗಳಿಗಿದ್ದದ್ದು ಸೀಮಿತ ಅವಧಿಯ ಖಾತರಿ ಮಾತ್ರ. ಸ್ಪ್ಯಾನರು ಗಳಿಸಿದ ಪುಣ್ಯವನ್ನು ಗರಗಸ ಅನುಭವಿಸಿತು.

ಹಾಗೆಂದು 358 ಕಂಡ ಕೂಡಲೇ ‘ಓ, ಇದು ಬರೀ ಪೌಲನ್’ ಎಂದು ಮುಖ ತಿರುಗಿಸುವ ಅರೆಪಂಡಿತರ ಪಂಥವೊಂದಿದೆ. ಈ ಪಂಥದ ಅಪಚಾರ ಮುಗ್ಧ ಅಭಿಮಾನಿಗಳ ಅಪಚಾರಕ್ಕಿಂತ ದೊಡ್ಡದು. ಅಂಕಿತ ಕರ್ತೃವನ್ನು ಹೇಳುತ್ತದೆ, ಗುಣವನ್ನಲ್ಲ. ಅದೇ 358ರ ಅಡಿಯಲ್ಲಿ ಸಿಯರ್ಸ್ 3.7/18 ಎಂದು ಬರೆದ ಗರಗಸವನ್ನೂ ಮಾರಿತ್ತು: 3.7 ಘನ ಅಂಗುಲದ, ಅಂದರೆ ಸುಮಾರು 60 ಸಿಸಿಯ ಇಂಜಿನ್, 18 ಅಂಗುಲದ ಬಾರ್. ಬಾರ್ ಎಂದರೆ ಸರಪಳಿ ಸುತ್ತುವ ಚಪ್ಪಟೆ ಉಕ್ಕಿನ ಅಲಗು. ಪೌಲನ್ 3700 ಎಂಬ ಮಾದರಿಯ ಈ ಸೋದರ ಮೆಗ್ನೀಸಿಯಮ್ ಒಡಲಿನದು, ಸೌದೆ ವ್ಯಾಪಾರಿಗಳೂ ನೆಚ್ಚಬಹುದಾದ ಯಂತ್ರ. ಮುಂದಿನ ವರ್ಷಗಳಲ್ಲಿ ಅದೇ 358 ಅಂಕಿತದಡಿ 36 ಸಿಸಿ, 42 ಸಿಸಿಯ ಪ್ಲಾಸ್ಟಿಕ್ ಒಡಲಿನ ಗರಗಸಗಳು ಬಂದವು. ಈ ಎರಡನ್ನೂ ‘ಬರೀ ಪೌಲನ್’ ಎಂಬ ಒಂದೇ ಬುಟ್ಟಿಗೆ ಹಾಕುವುದು, ಒಬ್ಬನೇ ಕವಿಯ ಮಹಾಕಾವ್ಯವನ್ನೂ ಅವನು ಮದುವೆ ಮನೆಗೆ ಬರೆದುಕೊಟ್ಟ ಪದ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಎರಡನೆಯ ಬಗೆಯ ಗರಗಸವನ್ನೇ ಇಲ್ಲಿ ಸ್ವಲ್ಪ ಕೆದಕಬೇಕು, ಏಕೆಂದರೆ ನಿಂದೆಯೆಲ್ಲ ಅದರ ಪಾಲಿಗೆ ಬಂದಿದೆ. ದುಬಾರಿ ಗರಗಸಗಳಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ದಂಡದ ಗೂಡು, ಯಂತ್ರದ ಒಡಲೂ ಹೌದು; ಎರಡು ಲೋಹದ ಹೋಳುಗಳು ಲಂಬವಾಗಿ ಕೂಡಿ ಇಡೀ ಗರಗಸವನ್ನು ಹೊರುತ್ತವೆ. ಅಗ್ಗದ ಗರಗಸದ ಇಂಜಿನ್ ಕಪ್ಪೆಚಿಪ್ಪಿನಂತೆ ತೆರೆದುಕೊಳ್ಳುವುದರಿಂದ ಅದಕ್ಕೆ ಕ್ಲ್ಯಾಮ್‌ಶೆಲ್ ಎಂದೇ ಹೆಸರು: ಸಿಲಿಂಡರೂ ಗೂಡಿನ ಮೇಲರ್ಧವೂ ಒಂದೇ ಅಲ್ಯುಮಿನಿಯಮ್ ಎರಕ, ಕೆಳಗಿನಿಂದ ಒಂದು ಮುಚ್ಚಳ, ಅದನ್ನು ಬಿಗಿಯುವುದಕ್ಕೆ ನಾಲ್ಕು ಸ್ಕ್ರೂ. ಈ ಇಂಜಿನ್ ಪ್ಲಾಸ್ಟಿಕ್ ಒಡಲಿನ ಒಳಗೆ ಇಟ್ಟ ಗಂಟಿನಂತೆ ಕೂರುತ್ತದೆ. ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ತೀರ್ಪು ಕೊಡುವವರು ಈ ರಚನೆಯ ಜಾಣತನವನ್ನು ನೋಡಿದಂತಿಲ್ಲ. ಕ್ಲ್ಯಾಮ್‌ಶೆಲ್ಲನ್ನು ಮೇಜಿನ ಮೇಲೆ ಸಾಮಾನ್ಯ ಕೈ ಉಪಕರಣಗಳಿಂದ ಬಿಚ್ಚಿ ಪಿಸ್ಟನ್, ಬೇರಿಂಗುಗಳನ್ನು ಕೈಗೆ ತೆಗೆದುಕೊಳ್ಳಬಹುದು. ಹೋಳಾಗುವ ಲೋಹದ ಗೂಡನ್ನು ಬಿಡಿಸಿ ಕೂಡಿಸುವುದಕ್ಕೆ ಬೇಕಾಗುವ ವಿಶೇಷ ಸಲಕರಣೆ ಇಲ್ಲಿ ಬೇಡ. ಬಳಸಿ ಎಸೆಯುವುದಕ್ಕೆಂದು ನಿಂದಿತವಾದ ಯಂತ್ರವೇ ಬಿಚ್ಚುವುದಕ್ಕೆ ಅತ್ಯಂತ ಸುಲಭವಾದ ಯಂತ್ರವಾಗಿರುವುದು ವಿಚಿತ್ರವಾದರೂ ನಿಜ.

ದೋಷವೂ ಅದೇ ಮುಚ್ಚಳದ ಅಂಚಿನಲ್ಲಿದೆ. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಗೂಡಿನ ಮೂಲಕವೇ ಸಿಲಿಂಡರಿಗೆ ಏರುವುದರಿಂದ ಗೂಡು ಗಾಳಿಯಾಡದಂತೆ ಮುಚ್ಚಿರಬೇಕು. ಮುಚ್ಚಳದ ಅಂಚಿಗೆ ಬಳಿದ ಅಂಟು ಬಿಟ್ಟರೆ, ಅಥವಾ ದಂಡದ ಎರಡು ಕೊನೆಗಳ ರಬ್ಬರ್ ಸೀಲುಗಳು ಗಡುಸಾದರೆ, ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ; ಪೆಟ್ರೋಲಿನೊಡನೆ ಬರುವ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಕಾದು, ಸಿಲಿಂಡರಿನ ಗೋಡೆಗೆ ಉಜ್ಜಿ ಗೆರೆ ಬೀಳುತ್ತದೆ. ಈ ಗೆರೆಗಳೇ ಹಳೆಯ ಗರಗಸದ ನಿಜವಾದ ಚರಿತ್ರೆ. ಸೈಲೆನ್ಸರ್ ಬಿಚ್ಚಿದರೆ ಹೊಗೆ ಹೋಗುವ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ಕಾಣುತ್ತದೆ. ಅದು ನುಣುಪಾಗಿದ್ದರೆ ಯಂತ್ರಕ್ಕೆ ಆಯುಷ್ಯವಿದೆ, ಉದ್ದುದ್ದ ಗೀರುಗಳಿದ್ದರೆ ಮುಗಿದಿದೆ. ಹೊದಿಕೆಯ ಹೊಳಪು, ಬಾರಿನ ಉದ್ದ, ಮಾಲೀಕನ ಆಣೆ ಯಾವುದೂ ಈ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ಹಳೆಯ ಲೋಹದ ಒಡಲಿನ ಗರಗಸಗಳಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ ಎಂಬುದನ್ನು ಲೋಹಪೂಜಕರು ಮರೆಯುತ್ತಾರೆ. ಎಣ್ಣೆ ಬೆರೆಸದ ಪೆಟ್ರೋಲ್ ತುಂಬಿದರೆ ಮೆಗ್ನೀಸಿಯಮ್ ಒಡಲು ಪಿಸ್ಟನ್ನನ್ನು ಕಾಪಾಡುವುದಿಲ್ಲ.

ಸತ್ತಿತೆಂದು ಮೂಲೆಗೆ ಸೇರಿದ ಅನೇಕ ಗರಗಸಗಳ ಪಿಸ್ಟನ್ ನುಣುಪಾಗಿಯೇ ಇರುತ್ತದೆ. ಅವುಗಳನ್ನು ಕೊಂದದ್ದು ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಹೋಗುವ ಗೇಣುದ್ದದ ಕೊಳವೆ. ಅಮೆರಿಕದಲ್ಲಿ ಪೆಟ್ರೋಲಿಗೆ ಸಾಮಾನ್ಯವಾಗಿ ಶೇಕಡ 10ರವರೆಗೆ ಎಥನಾಲ್ ಬೆರೆಯುತ್ತದೆ. ಆ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಟ್ಟು ಚಳಿಗಾಲ ಕಳೆದರೆ ಹಳೆಯ ಕೊಳವೆ ಗಡುಸಾಗಿ ಬಿರಿಯುತ್ತದೆ ಇಲ್ಲವೆ ಕರಗಿ ಅಂಟಾಗುತ್ತದೆ, ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಎಳೆಯುವ ತೆಳುಪೊರೆ ಒಣಹಾಳೆಯಂತಾಗುತ್ತದೆ. ಗರಗಸ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಕೊಳವೆ, ಸೋಸುಕ, ತೆಳುಪೊರೆ ಈ ಮೂರನ್ನು ಬದಲಿಸಿ, 40 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಎಂಬ ಪೌಲನ್ ಹೇಳಿದ ಅಳತೆಯಲ್ಲಿ ಹೊಸ ಮಿಶ್ರಣ ತುಂಬುವುದಕ್ಕೆ ಮೊದಲೇ ‘ಅಗ್ಗದ್ದು, ಹೊಸದು ಕೊಳ್ಳಿ’ ಎಂದು ಸಲಹೆ ಕೊಡುವವರನ್ನು ವಿಮರ್ಶಕರೆನ್ನಲಾಗದು, ಅವರು ಅಂಗಡಿಯ ದಲ್ಲಾಳಿಗಳು.

ಬದಲಿ ಭಾಗ ಕೊಳ್ಳುವಲ್ಲಿಯೂ ಹೆಸರೇ ದಾರಿ ತಪ್ಪಿಸುತ್ತದೆ. ‘16 ಅಂಗುಲದ ಕ್ರಾಫ್ಟ್ಸ್‌ಮನ್ ಚೈನ್’ ಎಂಬ ವಸ್ತುವೇ ಇಲ್ಲ. ಚೈನನ್ನು ಗುರುತಿಸುವುದು ಮೂರು ಅಳತೆಗಳಿಂದ. ಮೊದಲನೆಯದು ಪಿಚ್, ಒಂದರ ನಂತರ ಒಂದು ಬರುವ ಮೂರು ರಿವೆಟ್ಟುಗಳ ನಡುವಿನ ಅಂತರದ ಅರ್ಧ. ಎರಡನೆಯದು ಗೇಜ್, ಬಾರಿನ ಅಂಚಿನ ಸೀಳಿನೊಳಗೆ ಇಳಿಯುವ ಕೊಂಡಿಯ ದಪ್ಪ. ಮೂರನೆಯದು ಅಂಥ ಕೊಂಡಿಗಳ ಸಂಖ್ಯೆ. ಈ ವರ್ಗದ ಗರಗಸಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗಿಡ್ಡ ಹಲ್ಲಿನ 3/8 ಅಂಗುಲದ ಪಿಚ್, 0.050 ಅಂಗುಲದ ಗೇಜ್. ಬಾರಿನ ಉದ್ದ ಒಂದೇ ಆದರೂ ಕೊಂಡಿಗಳ ಸಂಖ್ಯೆ ತಯಾರಕನಿಂದ ತಯಾರಕನಿಗೆ ಬೇರೆಯಾಗುತ್ತದೆ. ಸ್ಟಿಲ್ ಕಂಪನಿಯ 16 ಅಂಗುಲದ ಬಾರಿಗೆ ಸಾಮಾನ್ಯವಾಗಿ 55 ಆದರೆ ಪೌಲನ್ ವರ್ಗದ್ದಕ್ಕೆ 56. ಒಂದು ಕೊಂಡಿ ಕಡಿಮೆಯಾದರೂ ಚೈನ್ ಏರುವುದಿಲ್ಲ.

ಇಷ್ಟು ಸಮರ್ಥನೆಯ ನಂತರವೂ ಒಂದು ಆಕ್ಷೇಪ ಉಳಿಯುತ್ತದೆ, ಅದಕ್ಕೆ ಉತ್ತರವಿಲ್ಲ. ಬಾರಿನ ಮೂತಿಯ ಮೇಲರ್ಧ ಕೊಂಬೆಗೆ ತಾಗಿದರೆ ಇಡೀ ಗರಗಸ ಕ್ಷಣಮಾತ್ರದಲ್ಲಿ ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ; ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಮುಂಗೈ ಮುಂದಿನ ಅಡ್ಡತಡೆಗೆ ಜೋಡಿಸಿದ ಚೈನ್ ಬ್ರೇಕ್ ಅಂಥ ಹೊತ್ತಿನಲ್ಲಿ ಸರಪಳಿಯನ್ನು ನಿಲ್ಲಿಸುತ್ತದೆ. ದೊಡ್ಡ ತಯಾರಕರು 1970ರ ದಶಕದಲ್ಲೇ ಇದನ್ನು ತಂದಿದ್ದರೂ ಆ ಕಾಲದ ಅಗ್ಗದ ಗರಗಸಗಳಲ್ಲಿ ಎಷ್ಟೋ ಬ್ರೇಕಿಲ್ಲದೆಯೇ ಮಾರಾಟವಾದವು. ಹಳೆಯದೇ ಚೆನ್ನ ಎಂದು ಹಾಡುವವರು ಈ ಒಂದು ವಿಷಯದಲ್ಲಿ ಮಾತ್ರ ಮೌನವಾಗುತ್ತಾರೆ, ಆ ಮೌನವೇ ಅವರ ವಿಮರ್ಶೆಯ ಬೆಲೆಯನ್ನು ಹೇಳುತ್ತದೆ. ಇನ್ನು ಬದಲಿ ಗರಗಸ ಆರಿಸುವವರು ಬಾರಿನ ಉದ್ದಕ್ಕೆ ಮರುಳಾಗುವ ಹಳೆಯ ತಪ್ಪನ್ನು ಮತ್ತೆ ಮಾಡಬಾರದು. 42 ಸಿಸಿಯ ಇಂಜಿನ್ನಿಗೆ 18 ಅಂಗುಲದ ಬಾರ್ ಸಿಕ್ಕಿಸಿದ್ದು ಅಂಗಡಿಯ ಕಪಾಟಿನಲ್ಲಿ ದೊಡ್ಡದಾಗಿ ಕಾಣಲೆಂದು. ಗಟ್ಟಿ ಮರದಲ್ಲಿ ಆ ಬಾರನ್ನು ಪೂರ್ತಿ ಹೂತರೆ ಇಂಜಿನ್ ಏದುಸಿರು ಬಿಡುತ್ತದೆ. ವರ್ಷಕ್ಕೆ ನಾಲ್ಕು ಕೊಂಬೆ ಕಡಿಯುವ ಮನೆಗೆ ಬ್ಯಾಟರಿ ಗರಗಸ ಸಾಕು, ಅದಕ್ಕೆ ಬಿರಿಯುವ ಕೊಳವೆಯೂ ಇಲ್ಲ.

ಕ್ಯಾಲಿಫೋರ್ನಿಯಾ ರಾಜ್ಯ 2024ರ ಮಾದರಿ ವರ್ಷದಿಂದ ಹೊಸ ಸಣ್ಣ ಪೆಟ್ರೋಲ್ ಇಂಜಿನ್‌ಗಳ ಮೇಲೆ ತಂದ ನಿಯಮ 45 ಸಿಸಿ ಮತ್ತು ಅದಕ್ಕೂ ದೊಡ್ಡ ಚೈನ್ ಸಾಗಳಿಗೆ ತಾಗುವುದಿಲ್ಲ, ಅದಕ್ಕಿಂತ ಚಿಕ್ಕವಕ್ಕೆ ತಾಗುತ್ತದೆ. ಹೀಗಾಗಿ ಅಲ್ಲಿ ಹೊಸದಾಗಿ ಹುಟ್ಟುವುದು ನಿಂತಿರುವುದು ಈ ಅಗ್ಗದ ವರ್ಗವೇ; ಆಗಲೇ ಮನೆಯಲ್ಲಿರುವುದನ್ನು ಬಳಸುವುದಕ್ಕೆ ಅಡ್ಡಿಯಿಲ್ಲ. ಪಿಸ್ಟನ್ ನುಣುಪಾಗಿದ್ದು ಬ್ರೇಕ್ ಕೆಲಸ ಮಾಡುತ್ತಿರುವ 358 ಅನ್ನು, ಹೊದಿಕೆ ಯಾವ ಬಣ್ಣದ್ದಾದರೂ, ಹೊಸ ಕೊಳವೆ ಹಾಕಿ ಇಟ್ಟುಕೊಳ್ಳಬೇಕು. ಬ್ರೇಕ್ ಇಲ್ಲದ್ದನ್ನು, ಅದು 3.7/18 ಆಗಿದ್ದರೂ, ಮರದ ಹತ್ತಿರ ಒಯ್ಯಬಾರದು.